ಮುಳುಗಿದ ಕಣಿವೆಯ ಹಳೆಯ ಟೊಪೊಶೀಟ್ ಕೊನೆಗೂ ಕೂತಿತು

ಗುರುತು ಹಿಡಿಯಲು ದಾರಿಯಿಲ್ಲ, ಗುಡಿಯಿಲ್ಲ, ಎಲ್ಲವೂ ಶರಾವತಿಯ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಎತ್ತರದ ಗೆರೆಗಳಿರುವ ಈ ಹಳೆಯ ಸರ್ವೆ ನಕ್ಷೆಯ ಹಾಳೆ (ಟೊಪೊಶೀಟ್) ಉಪಗ್ರಹ ಚಿತ್ರದ ಮೇಲೆ ಸ್ಥಳಕ್ಕೆ ಸ್ಥಳ ಹೊಂದಿ ಕೂರುವುದಿಲ್ಲ ಎಂದು ಜೊತೆಗಾರರು ಕೈಚೆಲ್ಲಿದ್ದರು. ಈಗ ಕೂತಿದೆ. ತಪ್ಪು ಹೆಚ್ಚೆಂದರೆ ಮೂವತ್ತು ಮೀಟರ್.

ಹಾಳೆ 48 ಜೆ/16. ಮೈಲಿಗೆ ಒಂದು ಅಂಗುಲದ್ದು, ಲಿಂಗನಮಕ್ಕಿ ಕಟ್ಟುವುದಕ್ಕೆ ಮುಂಚಿನದು. ಸಾವಿರದ ನಾನೂರೋ ಐನೂರೋ ಕೊಟ್ಟೆ. ಜೋಗದ ಕೆಳಗಿನ ಕಮರಿಯಲ್ಲಿ ಐವತ್ತು ಅಡಿ ಎತ್ತರಕ್ಕೊಂದರಂತೆ ಎಳೆದ ಗೆರೆಗಳು ಒತ್ತೊತ್ತಾಗಿ ಬಿದ್ದು ಕಂದು ಪಟ್ಟಿಯೇ ಆಗಿವೆ.

ಮೊದಲ ಅಂಗಡಿಯ ರೋಲರ್ ಸ್ಕ್ಯಾನರ್ ಒಂದು ಮೂಲೆಯನ್ನೇ ಕಿತ್ತುಹಾಕಿತು; ಮುನ್ನೂರೈವತ್ತು ರೂಪಾಯಿ ಹೋಯಿತು. ಆಮೇಲೆ ಆತುರದಲ್ಲಿ ಮೂಲೆಗಳ ಅಕ್ಷಾಂಶ ರೇಖಾಂಶಗಳನ್ನು ಹಳೆಯ ಭಾರತೀಯ ನಕ್ಷೆಗಳ ಆಧಾರವಾದ ಎವರೆಸ್ಟ್ ಬದಲು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂದು ಕೊಟ್ಟು ನೂರು ಮೀಟರಿಗೂ ಹೆಚ್ಚು ಆಚೆ ಬಿದ್ದೆ. ಅದನ್ನು ಸರಿಪಡಿಸಿದರೂ ಹೊಂದಲಿಲ್ಲ. ಹಾಳೆಯನ್ನು ರಬ್ಬರಿನಂತೆ ಎಳೆದು ಕೊಟ್ಟ ಬಿಂದುಗಳಿಗೆಲ್ಲ ಹೊಂದಿಸಿಬಿಡುವ ಥಿನ್ ಪ್ಲೇಟ್ ಸ್ಪ್ಲೈನ್ ಹಾಕಿದಾಗ ತಪ್ಪು ಸೊನ್ನೆ ಎಂದು ತೋರಿಸಿತು. ಮೂರು ದಿನ ಹಿಗ್ಗಿದೆ. ನಾಲ್ಕನೆಯ ದಿನ ನೋಡಿದರೆ ಹಳ್ಳವೊಂದು ಗುಡ್ಡ ಹತ್ತುತ್ತಿತ್ತು!

ಕಾರಣ ಬಟ್ಟೆಯಲ್ಲಿತ್ತು. ಮಡಿಚಲೆಂದು ಹಾಳೆಯನ್ನು ಎಂಟು ತುಂಡು ಮಾಡಿ ಬಟ್ಟೆಗೆ ಅಂಟಿಸಿದ್ದರು. ನಡುವಿನ ಎರಡು ಮಿಲಿಮೀಟರ್ ಸಂದು ನೆಲದ ಮೇಲೆ ನೂರಿಪ್ಪತ್ತು ಮೀಟರಿಗೂ ಹೆಚ್ಚು. ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ತುಂಡುಗಳನ್ನು ಬೇರೆಬೇರೆಯಾಗಿ, ಬಗ್ಗಿಸದೆ ಬರೀ ಸರಿಸಿ ತಿರುಗಿಸಿ ಹಿಗ್ಗಿಸುವ ಮೊದಲ ದರ್ಜೆಯ ಪಾಲಿನಾಮಿಯಲ್‌ನಿಂದಲೇ ಕೂರಿಸಿದೆ. ನಕ್ಷೆಯನ್ನೂ ಚಿತ್ರವನ್ನೂ ಹೊಂದಿಸುವ ಬಿಂದುಗಳಿಗೆ ಗುಡ್ಡದ ನೆತ್ತಿಗಳನ್ನೂ ಹಳ್ಳಗಳ ಕೂಡುಗಳನ್ನೂ ಹಿಡಿದೆ.

ಪರೀಕ್ಷೆಗೆ ಬಳಸಿದ್ದು ಮಲೆನಾಡಿನವರೆಲ್ಲರಿಗೂ ಬಾಯಿಪಾಠವಾದ 1,819 ಅಡಿ, ಲಿಂಗನಮಕ್ಕಿಯ ಪೂರ್ಣ ಮಟ್ಟ. ಜಲಾಶಯ ತುಂಬಿದಾಗ ನೀರಿನ ಅಂಚು 1,800ರ ಗೆರೆಗೆ ತುಸು ಮೇಲೆ ಬರಬೇಕು. ಕಡಿದಾದ ಇಳಿಜಾರುಗಳಲ್ಲಿ ಕೂದಲೆಳೆಯಷ್ಟೇ ಅಂತರದಲ್ಲಿ ಬಂತು. ಇದು ಬೇರೆ ಯಾರಿಗೂ ಹೊಳೆದಿರಲಿಲ್ಲ ಎನ್ನುವುದು ನನಗೆ ಹೆಮ್ಮೆಯೇ. ತಗ್ಗಿನ ಬಯಲುಗಳಲ್ಲಿ ಮಾತ್ರ ಅಂಚು ಅತ್ತಿತ್ತ ಅಲೆಯುತ್ತದೆ, ಅಲ್ಲಿ ನಂಬಬೇಡಿ. ಕಾಡಿನ ಹಸಿರಿನಿಂದ ಕಂದು ಗೆರೆಯನ್ನು ಬಿಡಿಸಿದ ಬಗೆಯನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ರಟ್ಟಿನಲ್ಲಿ ಕಣಿವೆಯ ಮಾದರಿಯನ್ನೂ ಮಾಡಿದೆ. ಈ ಅಳತೆಯಲ್ಲಿ 829 ಅಡಿಯ ಜೋಗ ಬರೀ ನಾಲ್ಕು ಮಿಲಿಮೀಟರ್! ಎತ್ತರವನ್ನು ಮೂರು ಪಟ್ಟು ಹಿಗ್ಗಿಸಿದೆ. ಮಳೆಗಾಲದ ಥಂಡಿಗೆ ರಟ್ಟು ಸೊಟ್ಟಗಾಯಿತು.

ಮೇ ತಿಂಗಳಲ್ಲಿ ನೀರು ಇಳಿದಾಗ, ಅನುಮಾನಪಟ್ಟ ಗೆಳೆಯನೊಂದಿಗೆ ಮೊಬೈಲ್ ಹಿಡಿದು ನಕ್ಷೆಯ ಗುಡಿಯ ಗುರುತಿಗೆ ನಡೆದೆ. ಇಪ್ಪತ್ತು ಹೆಜ್ಜೆ ಆಚೆ, ಒಣಗಿ ಬಿರಿದ ಕೆಸರಿನಲ್ಲಿ, ಜಂಬಿಟ್ಟಿಗೆಯ ಅಡಿಪಾಯ ಚೌಕವಾಗಿ ಕಾಣುತ್ತಿತ್ತು. ಅವನು ಚಪ್ಪಲಿ ಬಿಚ್ಚಿ ನಿಂತ. ದಕ್ಷಿಣಕ್ಕೆ ಹೊಂದಿಕೊಂಡ 48 ಕೆ/13ಕ್ಕೆ ವ್ಯಾಪಾರಿ ಎರಡು ಸಾವಿರ ಹೇಳುತ್ತಿದ್ದಾನೆ. ಅರ್ಧ ಆ ಗೆಳೆಯನೇ ಕೊಡುತ್ತಾನಂತೆ.