ಚಿಗಟದ ಹನಿ ಔಷಧ ಹಾಕುವ ಬೆಕ್ಕಿಗೆ ಸ್ನಾನ ಯಾವಾಗ, ಹೇಗೆ?

ಹೆಡಕಿಗೆ ಹಾಕುವ ಫಿಪ್ರೊನಿಲ್ ಹನಿ ಚರ್ಮದ ಜಿಡ್ಡಿನಲ್ಲಿ ಬೆರೆತು ಮೈಯೆಲ್ಲ ಹರಡುತ್ತದೆ. ಜಿಡ್ಡಿನ ಗ್ರಂಥಿಗಳಲ್ಲಿ ಉಳಿದು, ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಶಾಂಪೂ ತೆಗೆಯುವುದೇ ಈ ಜಿಡ್ಡನ್ನು. ನಿನ್ನೆ ಸ್ನಾನ ಮಾಡಿಸಿ ಇವತ್ತು ಹನಿ ಹಾಕಿದರೆ ಔಷಧ ಹರಡಲು ಜಿಡ್ಡೇ ಇರುವುದಿಲ್ಲ. ಇವತ್ತು ಹಾಕಿ ನಾಳೆ ತೊಳೆದರೆ ಔಷಧವೂ ನೀರುಪಾಲು. ಆದ್ದರಿಂದ ಮೊದಲು ಸ್ನಾನ, 2 ದಿನ ಬಿಟ್ಟು ಹನಿ, ಆಮೇಲೆ ಮತ್ತೆ 2 ದಿನ ಮೈಗೆ ನೀರು ಬೇಡ. ಇನ್ನೊಂದು ಹನಿ ಸೆಲಮೆಕ್ಟಿನ್ ರಕ್ತಕ್ಕೆ ಸೇರುವ ಔಷಧ, ಅದು ಹಾಕಿ 2 ಗಂಟೆ ಕಳೆದರೆ ಸಾಕು. ಫ್ಲುರಲನರ್ ಎಂಬ ಹನಿ ಹಾಕಿದರೆ 3 ದಿನ ಕಾಯಿರಿ. ಡಬ್ಬಿಯೊಳಗಿನ ಚೀಟಿ ಬೇರೆ ಹೇಳಿದರೆ ಚೀಟಿಯ ಮಾತೇ ಕೊನೆ.

ಹನಿ ಕೆಲಸ ಮಾಡುತ್ತಿದ್ದರೆ ಸ್ನಾನ ಬೇಕಾಗಿಯೇ ಇಲ್ಲ. ಮೈತುಂಬ ಚಿಗಟದ ಕರಿ ಹಿಕ್ಕೆ ಅಂಟಿದ್ದರೆ, ಅಥವಾ ಮರಿಗೆ ಇನ್ನೂ 8 ವಾರ ತುಂಬದೆ ಫಿಪ್ರೊನಿಲ್ ಹಾಕುವಂತಿಲ್ಲದಿದ್ದರೆ ಮಾತ್ರ ಮಾಡಿಸಿ.

ಬೆಕ್ಕನ್ನು ಕರೆತರುವ ಮೊದಲೇ ಟಬ್‌ನಲ್ಲಿ 8–10 ಸೆಂ.ಮೀ. ನೀರು ತುಂಬಿಸಿಡಿ, ನಲ್ಲಿಯ ಸದ್ದಿಗೇ ಅದು ಹೆದರುತ್ತದೆ. ನೀರು ಸುಮಾರು 38 ಡಿಗ್ರಿ ಇರಲಿ, ಅಂದರೆ ಮುಂಗೈ ಒಳಭಾಗಕ್ಕೆ ಸುಟ್ಟಂತೆಯೂ ತಣ್ಣಗೂ ಅನ್ನಿಸಬಾರದು. ತಳಕ್ಕೆ ಹಳೆಯ ಟವೆಲ್ ಹಾಸಿ. ಕಾಲು ಜಾರಿದ ಕೂಡಲೇ ಬೆಕ್ಕು ಪರಚುತ್ತದೆ, ಪರಚಾಟಕ್ಕೆ ಅರ್ಧ ಕಾರಣ ಅದೇ. ಬೆಕ್ಕಿಗೆಂದೇ ಮಾಡಿದ ಸೌಮ್ಯ ಶಾಂಪೂ ತೆಗೆದುಕೊಂಡು ಮೊದಲು ಕುತ್ತಿಗೆಯ ಸುತ್ತ ದಪ್ಪ ನೊರೆಯ ಪಟ್ಟಿ ಮಾಡಿ. ಮೈ ಒದ್ದೆಯಾದರೆ ಚಿಗಟಗಳು ತಲೆಯತ್ತ ಓಡುತ್ತವೆ, ಆ ನೊರೆ ಅವನ್ನು ತಡೆಯುತ್ತದೆ. ಆಮೇಲೆ ಬೆನ್ನು, ಹೊಟ್ಟೆ, ಬಾಲದ ಬುಡ. ಮುಖಕ್ಕೆ ಒದ್ದೆ ಬಟ್ಟೆ ಮಾತ್ರ. ನೊರೆ ಪೂರ್ತಿ ಹೋಗುವವರೆಗೆ ಮಗ್ಗಿನಿಂದ ನೀರು ಹಾಕಿ, ಉಳಿದದ್ದನ್ನೆಲ್ಲ ಅದು ನೆಕ್ಕುತ್ತದೆ. ಟವೆಲ್‌ನಲ್ಲಿ ಒತ್ತಿ ಒರೆಸಿ, ಚಿಗಟದ ಬಾಚಣಿಗೆಯಿಂದ ಬಾಚಿ, ಸಿಕ್ಕ ಚಿಗಟಗಳನ್ನು ಸೋಪಿನ ನೀರಿಗೆ ಅದ್ದಿ. ಮರಿಗಳಿಗೆ ಬೇಗ ಚಳಿ ಹಿಡಿಯುತ್ತದೆ, ಪೂರ್ತಿ ಒಣಗುವವರೆಗೆ ಬೆಚ್ಚಗಿಡಿ.

ಹನಿ ಹಾಕುವ ದಿನ ತಲೆಬುರುಡೆಯ ಕೆಳಗೆ, ನಾಲಿಗೆ ತಲುಪದ ಕಡೆ ಕೂದಲನ್ನು ಬೈತಲೆಯಂತೆ ಬಿಡಿಸಿ. ಬಿಳಿ ಚರ್ಮ ಗೆರೆಯಾಗಿ ಕಂಡಾಗ ಪಿಪೆಟ್ (ಔಷಧ ತುಂಬಿದ ಪುಟ್ಟ ಕೊಳವೆ) ತುದಿಯನ್ನು ಚರ್ಮಕ್ಕೇ ತಾಗಿಸಿ ಹಿಂಡಿ; ಕೂದಲ ಮೇಲೆ ಬಿದ್ದದ್ದು ವ್ಯರ್ಥ. ಒಣಗುವವರೆಗೆ ಬೇರೆ ಬೆಕ್ಕುಗಳಿಂದ ದೂರವಿಡಿ. ಅಕಸ್ಮಾತ್ ನೆಕ್ಕಿದರೆ ಕಹಿಗೆ ಸ್ವಲ್ಪ ಹೊತ್ತು ಜೊಲ್ಲು ಸುರಿಯಬಹುದು, ಕುಡಿಯಲು ನೀರಿಡಿ.

ಎರಡು ದಿನದ ಲೆಕ್ಕವನ್ನು ಬದಿಗಿಟ್ಟು ತಕ್ಷಣ ತೊಳೆಯಬೇಕಾದ ಸಂದರ್ಭ ಒಂದಿದೆ: ನಾಯಿಗೆಂದು ತಂದ ಪರ್ಮೆಥ್ರಿನ್ ಎಂಬ ಚಿಗಟದ ಔಷಧ ಬೆಕ್ಕಿನ ಮೈಗೆ ಬಿದ್ದಾಗ. ಬೆಕ್ಕಿನ ಯಕೃತ್ತು ಅದನ್ನು ಒಡೆಯಲಾರದು, ದೊಡ್ಡ ನಾಯಿಯ ಒಂದೇ ಪಿಪೆಟ್ ಪ್ರಾಣ ತೆಗೆಯಬಲ್ಲದು. ಮೊದಲು ಪಶುವೈದ್ಯರಿಗೆ ಫೋನ್ ಮಾಡಿ. ನಡುಕ ಶುರುವಾಗಿಲ್ಲದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಬಿಸಿನೀರು ಚರ್ಮಕ್ಕೆ ರಕ್ತದ ಹರಿವು ಹೆಚ್ಚಿಸಿ ವಿಷವನ್ನು ಒಳಗೆಳೆಯುತ್ತದೆ. ತಣ್ಣೀರು ಮೈಯ ಬಿಸಿ ಇಳಿಸಿ ನಡುಕವನ್ನು ಹೆಚ್ಚಿಸುತ್ತದೆ. ಒರೆಸಿ, ಟವೆಲ್ ಸುತ್ತಿ, ಔಷಧದ ಡಬ್ಬಿ ಸಮೇತ ಆಸ್ಪತ್ರೆಗೆ ಒಯ್ಯಿರಿ. ಕಿವಿ ಅದುರುವುದು, ಮೈ ನಡುಗುವುದು, ಫಿಟ್ಸ್ ಆಗಲೇ ಕಂಡಿದ್ದರೆ ತೊಳೆಯುತ್ತ ಕೂರಬೇಡಿ, ನೇರ ಹೊರಡಿ.