ಕೊನೆಯ ದಿನಗಳಲ್ಲಿ ಮನೆಯಲ್ಲೇ ಔಷಧಿಗಳನ್ನು ನಿಭಾಯಿಸುವ ಬಗೆ

ರೋಗ ಗುಣವಾಗುವ ಹಂತ ದಾಟಿದೆಯೆಂದು ತಿಳಿಸಿ ವೈದ್ಯರು ರೋಗಿಯನ್ನು ಮನೆಗೆ ಕಳುಹಿಸಿದಾಗ, ಮನೆಯವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಚೀಲದ ತುಂಬ ಮಾತ್ರೆಗಳಿರುತ್ತವೆ. ಆ ಚೀಲವನ್ನು ಚಾಪೆಯ ಮೇಲೆ ಸುರಿದು, ಕಪಾಟಿನಲ್ಲಿರುವ ಹಳೆಯ ಮಾತ್ರೆಗಳನ್ನೂ ಸೇರಿಸಿ, ಮನೆಭೇಟಿಗೆ ಬರುವ ವೈದ್ಯರ ಅಥವಾ ದಾದಿಯ ಎದುರು ಒಂದೊಂದನ್ನೂ ತೋರಿಸಿ ‘ಇದು ಈಗಲೂ ಬೇಕೇ’ ಎಂದು ಕೇಳಿ. ಕೊಲೆಸ್ಟರಾಲ್ ಮಾತ್ರೆ, ವಿಟಮಿನ್ ಮುಂತಾದವನ್ನು ಬಹಳಷ್ಟು ಸಲ ವೈದ್ಯರೇ ನಿಲ್ಲಿಸುತ್ತಾರೆ. ಊಟ ಕಡಿಮೆಯಾದ ಮೇಲೂ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಹಳೆಯ ಪ್ರಮಾಣದಲ್ಲೇ ಮುಂದುವರಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದಾದ್ದರಿಂದ, ಆ ವಿಷಯವನ್ನು ಅಂದೇ ಫೋನಿನಲ್ಲಿ ಕೇಳಬೇಕು. ಮೂರ್ಛೆರೋಗದ ಮಾತ್ರೆ, ಸ್ಟೀರಾಯ್ಡ್, ತೀವ್ರ ನೋವಿಗೆ ಕೊಡುವ ಮಾರ್ಫಿನ್ ಇವುಗಳನ್ನಂತೂ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ.

ಮಾರ್ಫಿನ್ ಎಂದೊಡನೆ ಮನೆಯವರು ಹೆದರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಚಟವಾದೀತು, ಜೀವ ಬೇಗ ಹೋದೀತು ಎಂಬ ಭಯದಲ್ಲಿ ‘ತಡೆಯಲಾಗದಿದ್ದಾಗ ಕೊಡೋಣ’ ಎಂದು ಮಾತ್ರೆಯನ್ನು ಎತ್ತಿಡುತ್ತಾರೆ. ವೈದ್ಯರು ನೋವಿಗೆ ತಕ್ಕಂತೆ ಅಳೆದು ಕೊಡುವ ಮಾರ್ಫಿನ್ ಆಯುಸ್ಸನ್ನು ಮೊಟಕು ಮಾಡುವುದಿಲ್ಲ. ಎತ್ತಿಟ್ಟ ಮಾತ್ರೆಯಿಂದ ರೋಗಿಗೆ ದಕ್ಕುವುದು ನೋವೊಂದೇ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಇರುತ್ತದೆ. ಅದಕ್ಕಾಗಿಯೇ ಬೆಳಗಿನ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಸಮಯ ಬರೆದುಕೊಟ್ಟಿರುತ್ತಾರೆ, ನಡುರಾತ್ರಿ ಎಬ್ಬಿಸುವುದು ಬೇಡವೆಂದು ರಾತ್ರಿ 10ರದನ್ನು ಹಲವರು ಇಮ್ಮಡಿ ಬರೆಯುತ್ತಾರೆ. ನೋವಿರಲಿ ಇಲ್ಲದಿರಲಿ, ಗಡಿಯಾರ ನೋಡಿ ಕೊಡಬೇಕು. ನಡುವೆ ನೋವು ಎದ್ದರೆ ಕೊಡಬೇಕಾದ ಹೆಚ್ಚುವರಿ ಪ್ರಮಾಣವನ್ನು ಮೊದಲೇ ಕೇಳಿ ಬರೆಸಿಕೊಳ್ಳಿ.

ಒಂದು ಮನೆಯಲ್ಲಿ ಸೊಸೆಯೊಬ್ಬರು ಗೋಡೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಐದು ಚುಕ್ಕೆಯಿಟ್ಟು, ಅತ್ತೆಗೆ ಮಾತ್ರೆ ಕೊಟ್ಟೊಡನೆ ಒಂದೊಂದಕ್ಕೆ ಗೀಟು ಎಳೆಯುತ್ತಿದ್ದರು. ಹೆಚ್ಚುವರಿ ಮಾತ್ರೆ ಕೊಟ್ಟಾಗಲೆಲ್ಲ ಅದೇ ಚೌಕದಲ್ಲಿ ಒಂದು ಕುಂಕುಮದ ಬೊಟ್ಟು. ಮೂರು ದಿನ ಸತತವಾಗಿ ನಾಲ್ಕು ನಾಲ್ಕು ಬೊಟ್ಟು ಬಿದ್ದದ್ದನ್ನು ಕಂಡ ವೈದ್ಯರು ಅಲ್ಲೇ ಪ್ರಮಾಣ ಏರಿಸಿದರು. ಅದಕ್ಕಿಂತ ಒಳ್ಳೆಯ ದಾಖಲೆಯನ್ನು ನಾನು ನೋಡಿಲ್ಲ.

ಮಾರ್ಫಿನ್ ಶುರುವಾದ ದಿನದಿಂದಲೇ ಮಲಬದ್ಧತೆಯ ಔಷಧಿಯೂ ಶುರುವಾಗಬೇಕು, ಪ್ರತಿದಿನವೂ ನಡೆಯಬೇಕು. ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ಆದರೆ ರೋಗಿ ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ಕೈಕಾಲು ಪದೇ ಪದೇ ಅದುರಿದರೆ, ಮುಂದಿನ ಮಾತ್ರೆ ಕೊಡುವ ಮುನ್ನ ವೈದ್ಯರಿಗೆ ಕರೆ ಮಾಡಿ. ಮೂತ್ರ ಕಡಿಮೆಯಾಗುತ್ತಿದ್ದರೂ ತಿಳಿಸಬೇಕು, ಏಕೆಂದರೆ ಮೂತ್ರಪಿಂಡ ಸೋತಾಗ ಮಾರ್ಫಿನ್ ಮೈಯಲ್ಲೇ ಉಳಿಯುತ್ತ ಹೋಗುತ್ತದೆ.

ನುಂಗುವುದು ಕಷ್ಟವಾದಾಗ ತಲೆದಿಂಬು ಎತ್ತರಿಸಿ ಕೂರಿಸಿ. ಅರೆನಿದ್ದೆಯಲ್ಲಿರುವವರ ಬಾಯಿಗೆ ನೀರು, ಮಾತ್ರೆ ಹಾಕಬೇಡಿ, ಅದು ಶ್ವಾಸನಾಳಕ್ಕೆ ಇಳಿಯಬಹುದು. ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ಪುಡಿಮಾಡಿ ಒಂದು ಚಮಚ ನೀರಿನಲ್ಲಿ ಕೊಡಬಹುದು. ಹೆಸರಿನ ಮುಂದೆ ‘ಎಸ್‌ಆರ್’ ಎಂದಿರುವ ಮಾತ್ರೆಯನ್ನು ಎಂದಿಗೂ ಪುಡಿಮಾಡಬಾರದು, ದಿನವಿಡೀ ನಿಧಾನವಾಗಿ ಇಳಿಯಬೇಕಾದ ಔಷಧಿ ಒಮ್ಮೆಲೇ ಇಳಿದುಬಿಡುತ್ತದೆ. ನುಂಗುವುದು ಪೂರ್ತಿ ನಿಂತಾಗ ದಾದಿಯರು ಚರ್ಮದಡಿ ಒಂದು ಸಣ್ಣ ಸೂಜಿ ಇರಿಸಿ ಔಷಧಿ ಕೊಡುವುದನ್ನು ಮನೆಯವರಿಗೂ ಕಲಿಸಬಲ್ಲರು. ಚರ್ಮಕ್ಕೆ ಅಂಟಿಸುವ ನೋವುನಿವಾರಕವಾದ ಫೆಂಟನಿಲ್ ಪಟ್ಟಿ ಹಚ್ಚಿದ್ದರೆ ಅದರ ಮೇಲೆ ದಿನಾಂಕ, ಸಮಯ ಬರೆದು, ಸಾಮಾನ್ಯವಾಗಿ 72 ಗಂಟೆಗೊಮ್ಮೆ ಬದಲಿಸುತ್ತಾರೆ. ಅಲ್ಲಿಗೆ ಬಿಸಿನೀರಿನ ಶಾಖ ಕೊಡಬಾರದು.

ಮಾರ್ಫಿನ್ ಎಲ್ಲ ಔಷಧಿ ಅಂಗಡಿಗಳಲ್ಲಿ ಸಿಗುವುದಿಲ್ಲ. 1985ರ ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಅನುಮತಿಯ ಕಟ್ಟುಪಾಡು ಸಡಿಲಗೊಂಡಿದ್ದರೂ, ಮಾನ್ಯತೆ ಪಡೆದ ಆಸ್ಪತ್ರೆಗಳಿಗೇ ಹೋಗಬೇಕಾಗುತ್ತದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯೂ, ಉಚಿತವಾಗಿ ಆರೈಕೆ ನೀಡುವ ಕರುಣಾಶ್ರಯವೂ ಕ್ಯಾನ್ಸರ್ ರೋಗಿಗಳ ನೋವಿನ ಆರೈಕೆ ಮಾಡುತ್ತವೆ. ಮಾತ್ರೆ ಒಂದು ವಾರಕ್ಕಾಗುವಷ್ಟು ಉಳಿದಿರುವಾಗಲೇ ಮುಂದಿನದನ್ನು ತಂದಿಡಿ, ಶನಿವಾರ ರಾತ್ರಿ ಖಾಲಿಯಾದರೆ ಸೋಮವಾರದವರೆಗೆ ರೋಗಿ ನರಳಬೇಕಾದೀತು. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ರೋಗಿ ತೀರಿಕೊಂಡ ಮೇಲೆ ಉಳಿದ ಮಾರ್ಫಿನ್ ಮಾತ್ರೆಗಳನ್ನು ಮೊಣಕಾಲು ನೋವೆನ್ನುವ ನೆಂಟರಿಗೆ ಕೊಡದೆ, ಎಣಿಸಿ, ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಿ.