ಓಮ್‌ನ ನಿಯಮಕ್ಕೆ ಕೊನೆಗೂ ನೆಟ್ಟಗಿನ ಗೆರೆ: ನನ್ನ ಅನುಭವ

ಹತ್ತನೇ ತರಗತಿಯ ಓಮ್‌ನ ನಿಯಮದ ಪ್ರಯೋಗದಲ್ಲಿ (ವೋಲ್ಟ್ ಹೆಚ್ಚಿದಷ್ಟೇ ಪಾಲಿನಲ್ಲಿ ಪ್ರವಾಹವೂ ಹೆಚ್ಚಬೇಕು, ಎರಡರ ಗ್ರಾಫ್ ನೆಟ್ಟಗಿನ ಗೆರೆಯಾಗಬೇಕು) ರೀಡಿಂಗ್ ಸರಿಬರದಿದ್ದರೆ ಹಳೇ ರೆಕಾರ್ಡ್ ನೋಡಿ ಬರೆಸುವುದು ಮೇಷ್ಟ್ರುಗಳಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಪ್ಲೈವುಡ್ ತುಂಡು, ಒಂದಿಷ್ಟು ನೈಕ್ರೋಮ್ ತಂತಿಯಲ್ಲೇ ಗ್ರಾಫ್ ನೆಟ್ಟಗೆ ತರುತ್ತೇನೆ ಅಂದಾಗ, "ಬಲ್ಬ್ ಉರಿದರೆ ಸಾಕು ಬಿಡಿ ಸರ್" ಅಂದವರೇ ಹೆಚ್ಚು. ಈಗ ಆರು ಬೋರ್ಡ್‌ಗಳಿವೆ. ಯಾವುದರಲ್ಲಿ ತೆಗೆದರೂ ವಿಭವಾಂತರವನ್ನು (ವೋಲ್ಟ್) ಪ್ರವಾಹದಿಂದ (ಆಂಪಿಯರ್) ಭಾಗಿಸಿದರೆ 9.7ರಿಂದ 10.3 ಓಮ್ ಒಳಗೇ ಬರುತ್ತದೆ.

ಮೊದಲು ಕೈಕೊಟ್ಟದ್ದು ಪೆನ್ಸಿಲ್ ಸೆಲ್. ಅರ್ಧ ಆಂಪಿಯರ್ ಎಳೆದರೆ ಒಂದೂವರೆ ವೋಲ್ಟಿನ ಸೆಲ್ ಕಣ್ಣೆದುರೇ ಒಂದು ವೋಲ್ಟಿಗೆ ಇಳಿಯುತ್ತದೆ. ಮಕ್ಕಳು ಒಂದು ಮೀಟರ್ ಓದಿ ಇನ್ನೊಂದಕ್ಕೆ ಬರುವಷ್ಟರಲ್ಲಿ ರೀಡಿಂಗ್ ಬದಲಾಗಿರುತ್ತದೆ. ಸೆಲ್ಲಿಗೇ ಐನೂರು ರೂಪಾಯಿ ಸುರಿದ ಮೇಲೆ ಎಮರ್ಜೆನ್ಸಿ ಲೈಟಿನ 6 ವೋಲ್ಟ್, 4.5 ಎ.ಎಚ್. (ಆಂಪಿಯರ್-ಅವರ್) ಬ್ಯಾಟರಿಗೆ ಬಂದೆ. ಎರಡನೆಯ ತಪ್ಪು, ರೋಧಕದ ಜಾಗದಲ್ಲಿ ಟಾರ್ಚ್ ಬಲ್ಬ್ ಹಾಕಿದ್ದು. 2.5 ವೋಲ್ಟ್ 0.3 ಆಂಪಿಯರ್ ಬಲ್ಬು ತಣ್ಣಗಿರುವಾಗ ಮಲ್ಟಿಮೀಟರ್‌ನಲ್ಲಿ ಒಂದು ಓಮ್ ಚಿಲ್ಲರೆ ತೋರಿಸುತ್ತದೆ, ಉರಿಯುವಾಗ ಲೆಕ್ಕ ಹಾಕಿದರೆ ಎಂಟು. ಗೆರೆ ಬಾಗದೆ ಇನ್ನೇನಾಗುತ್ತದೆ? ಅದನ್ನು ಬೇರೆ ಪಾಠಕ್ಕೆ ಎತ್ತಿಡಿ.

ತಂತಿ 28 ಗೇಜಿನ ನೈಕ್ರೋಮ್. ಒಂದು ಮೀಟರ್ ಉದ್ದಕ್ಕೆ ಹತ್ತಿರ ಹತ್ತಿರ ಹತ್ತು ಓಮ್, ಲೆಕ್ಕಕ್ಕೆ ಇಷ್ಟು ಅನುಕೂಲವಾದ ಗೇಜ್ ಬೇರೆ ಸಿಗಲಿಲ್ಲ. ಒಂದು ಮೀಟರ್ ಪರೀಕ್ಷೆಗೆ, ಎರಡು ಮೀಟರ್ ಅಂಕುಡೊಂಕಾಗಿ ಎಳೆದು ರಿಯೋಸ್ಟಾಟ್ (ಪ್ರವಾಹ ಹೆಚ್ಚುಕಡಿಮೆ ಮಾಡುವ ರೋಧಕ) ಬದಲಿಗೆ. ಅದರ ಮೇಲೆ ಕ್ಲಿಪ್ ಜಾರಿಸಿದರೆ ಮೊದಲು ಪ್ರವಾಹ 0.2ರಿಂದ 0.5 ಆಂಪಿಯರ್‌ವರೆಗೆ ಆಡುತ್ತಿತ್ತು. ನೈಕ್ರೋಮ್‌ಗೆ ಬೆಸುಗೆ ಹಾಕಲು ಹೋಗಬೇಡಿ, ಸೀಸ ಕೆಸುವಿನೆಲೆ ಮೇಲಿನ ನೀರಿನಂತೆ ಉರುಳಿ ಬೀಳುತ್ತದೆ. ಹಿತ್ತಾಳೆ ಸ್ಕ್ರೂ, ಎರಡು ವಾಷರ್, ನಡುವೆ ತಂತಿ ಒಂದು ಸುತ್ತು, ಬಿಗಿಯಾಗಿ. ಕಬ್ಬಿಣದ ಸ್ಕ್ರೂ ಒಂದು ಮಳೆಗಾಲಕ್ಕೇ ತುಕ್ಕು ಹಿಡಿಯುತ್ತದೆ. ಬಿಸಿಯಾದ ತಂತಿ ಜೋತು ಬೀಳದ ಹಾಗೆ ಬೋರ್ಡಿನ ಒಂದು ತುದಿಯಲ್ಲಿ ಏನು ಮಾಡಿದ್ದೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಬೋರ್ಡ್ ನೋಡಿದವರಿಗೆ ತಿಳಿಯುತ್ತದೆ.

ಇಷ್ಟಾದರೂ ಹತ್ತರ ಬದಲು 11, 11.5 ಬರುತ್ತಿತ್ತು. ತಪ್ಪಿದ್ದದ್ದು ವೋಲ್ಟ್ ಮೀಟರ್ ಕ್ಲಿಪ್‌ನಲ್ಲಿ. ಪ್ರವಾಹ ಬರುವ ಕ್ಲಿಪ್‌ನ ಬೆನ್ನಿಗೇ ವೋಲ್ಟ್ ಮೀಟರ್ ಕ್ಲಿಪ್ ಕಚ್ಚಿಸಿದರೆ, ಆ ಕ್ಲಿಪ್ ತಂತಿಯನ್ನು ಮುಟ್ಟುವ ಕಡೆಯ ರೋಧವೂ ಲೆಕ್ಕಕ್ಕೆ ಸೇರುತ್ತದೆ. ಪ್ರವಾಹದ ಕ್ಲಿಪ್ ತುದಿಯ ಸ್ಕ್ರೂಗೆ, ವೋಲ್ಟ್ ಮೀಟರ್ ಕ್ಲಿಪ್ ಅದರ ಒಳಬದಿಗೆ, ನೇರ ನೈಕ್ರೋಮ್ ಮೇಲೆ. ವೋಲ್ಟ್ ಮೀಟರ್ ಎಳೆಯುವ ಪ್ರವಾಹ ಅತ್ಯಲ್ಪ, ಹಾಗಾಗಿ ಅದರ ಕ್ಲಿಪ್ ಸ್ವಲ್ಪ ಸಡಿಲವಿದ್ದರೂ ಅಳತೆ ಕೆಡುವುದಿಲ್ಲ. ಇಷ್ಟೇ ಬದಲಾವಣೆ. ಅದೇ ದಿನ ಬಂದ ರೀಡಿಂಗ್ ನೆನಪಿನಿಂದ: 2.0 ವೋಲ್ಟಿಗೆ 0.20 ಆಂಪಿಯರ್, 3.3ಕ್ಕೆ 0.33, 4.1ಕ್ಕೆ 0.41 ಆಸುಪಾಸು, 4.8ಕ್ಕೆ 0.48.

ಸಮಾಂತರ ಜೋಡಣೆಯಲ್ಲಿ ಈ ಕ್ಲಿಪ್‌ಗಳೇ ಹೆಚ್ಚು ಕಾಡುತ್ತವೆ. ಹತ್ತು ಓಮಿನ ಎರಡು ತಂತಿ ಸರಣಿಯಲ್ಲಿದ್ದಾಗ ಕ್ಲಿಪ್‌ಗಳ 0.6 ಓಮ್ ಸೇರಿ 20ರ ಬದಲು 20.6 ಬಂದರೆ ಯಾರೂ ಕೇಳುವುದಿಲ್ಲ, ಸಮಾಂತರದಲ್ಲಿ 5ರ ಬದಲು 5.6 ಬಂದರೆ ಮೊದಲ ಬೆಂಚಿನವರು ಬಿಡುವುದಿಲ್ಲ. ಅಗ್ಗದ ಮೊಸಳೆ ಕ್ಲಿಪ್ ವೈರಿನ ರಬ್ಬರ್ ಟೋಪಿ ಹಿಂದಕ್ಕೆ ಸರಿಸಿ ನೋಡಿ: ಬೆಸುಗೆ ಇರುವುದಿಲ್ಲ, ನಾಲ್ಕೈದು ಎಳೆಯನ್ನು ತಗಡಿನಡಿ ಒತ್ತಿರುತ್ತಾರೆ ಅಷ್ಟೇ. ಆ ಎಳೆಗೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ತಾಮ್ರ ಬಳಿದ ಕಬ್ಬಿಣ, ಎಸೆಯಿರಿ. ಉಳಿದವಕ್ಕೆ ಬೆಸುಗೆ ಹಾಕಿ. ಮಲ್ಟಿಮೀಟರ್‌ನಲ್ಲಿ ಓಮ್ ಅಳೆಯುವಾಗ ಮೊದಲು ಎರಡು ಪ್ರೋಬ್ ಮುಟ್ಟಿಸಿ, ಬಂದ 0.3, 0.4 ಓಮನ್ನು (ಅದು ಪ್ರೋಬ್ ವೈರಿನದೇ ರೋಧ) ಅಳತೆಯಿಂದ ಕಳೆಯಿರಿ.

ಈ ಬ್ಯಾಟರಿ ಶಾರ್ಟ್ ಆದರೆ ವೈರ್ ಹೊಗೆಯಾಡುತ್ತದೆ, ಉದಾಸೀನ ಬೇಡ. ಫ್ಯೂಸ್ ಹಾಕಿ ಹಾಕಿ ಸಾಕಾಯಿತು. ಈಗ ಪ್ಲಸ್ ತುದಿಯಲ್ಲೇ ಬೈಕಿನ 12 ವೋಲ್ಟ್ 10 ವ್ಯಾಟ್ ಇಂಡಿಕೇಟರ್ ಬಲ್ಬು ಸರಣಿಯಲ್ಲಿ ಖಾಯಂ ಕೂತಿದೆ. ಶಾರ್ಟ್ ಆದರೆ ಅದು ಹೊತ್ತಿಕೊಳ್ಳುತ್ತದೆ, ಪ್ರವಾಹ ಆರುನೂರು ಮಿಲಿಆಂಪಿಯರ್ ದಾಟುವುದಿಲ್ಲ. ಪ್ರವಾಹ ಮೊದಲಿನ 0.5 ಆಂಪಿಯರ್ ಮುಟ್ಟುವುದಿಲ್ಲ ಅನ್ನುವುದು ಬಿಟ್ಟರೆ ಪ್ರಯೋಗಕ್ಕೆ ತೊಂದರೆಯಿಲ್ಲ, ನಾವು ಅಳೆಯುವುದು ನೈಕ್ರೋಮ್ ತುದಿಗಳ ನಡುವಿನ ವಿಭವಾಂತರವನ್ನಲ್ಲವೇ? ಮಲ್ಟಿಮೀಟರನ್ನು ವೋಲ್ಟಿಗೆ ಮಾತ್ರ ಬಳಸಿ. ಪ್ರವಾಹ ಅಳೆಯುವ 10 ಆಂಪಿಯರ್ ತೂತಿಗೆ ಯಾರೂ ಪ್ರೋಬ್ ಚುಚ್ಚದ ಹಾಗೆ ಎಂ-ಸೀಲ್ ಮೆತ್ತಿದ್ದೇನೆ. ಪ್ರವಾಹಕ್ಕೆ ಶಾಲೆಯಲ್ಲಿರುವ ಮುಳ್ಳಿನ ಅಮ್ಮೀಟರೇ ಸರಿ, ಶೂನ್ಯದಲ್ಲಿ ನಿಲ್ಲುತ್ತದೆಯೋ ನೋಡಿಕೊಂಡರೆ ಆಯಿತು.

ಸಲಕರಣೆ ಕೈಯಲ್ಲಿದ್ದಾಗ ಇದನ್ನೂ ಮಾಡಿ ನೋಡಿ. ಒಂದು ಮೀಟರ್ ನೈಕ್ರೋಮನ್ನು "ಲೈನ್" ಅಂತ ಇಟ್ಟುಕೊಂಡು ಅದರಾಚೆ ಟಾರ್ಚ್ ಬಲ್ಬು ಹಾಕಿದರೆ ಬಲ್ಬು ಉರಿಯುತ್ತದೆ. ಪಕ್ಕದಲ್ಲಿ ಇನ್ನೊಂದನ್ನು ಸಮಾಂತರವಾಗಿ ಸೇರಿಸಿ: ಲೈನಿನಲ್ಲಿ ಪ್ರವಾಹ ಹೆಚ್ಚಿ ಬಲ್ಬುಗಳಿಗೆ ಸಿಗುವ ವೋಲ್ಟ್ ಇಳಿಯುತ್ತದೆ, ಎರಡೂ ಕೆಂಪಗೆ ಮಂಕು. ಪಕ್ಕದ ತೋಟದ ಮೋಟರ್ ಹಾಕಿದರೆ ನಮ್ಮ ಮೋಟರ್ ಯಾಕೆ ಗುರ್ರ್ ಅನ್ನುತ್ತದೆ ಅಂತ ಬೋರ್‌ವೆಲ್ ಮನೆಯ ಮಕ್ಕಳಿಗೆ ಆಮೇಲೆ ಬಿಡಿಸಿ ಹೇಳಬೇಕಿಲ್ಲ. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಕೆ.ಜಿ.ಎಫ್. ಗಣಿಗೆ ನೂರಾ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ ವಿದ್ಯುತ್ ತಂದಾಗ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದು ಯಾಕೆ ಅಂತ ಇಲ್ಲೇ ಕೇಳಿ. ವೋಲ್ಟ್ ಹೆಚ್ಚಿದರೆ ಅದೇ ಶಕ್ತಿಗೆ ಪ್ರವಾಹ ಕಡಿಮೆ ಸಾಕು, ತಂತಿಯಲ್ಲಿ ಕಳೆಯುವುದೂ ಕಡಿಮೆ.

ಖರ್ಚು: ಬ್ಯಾಟರಿ ನಾನೂರೈವತ್ತು, ಮಲ್ಟಿಮೀಟರ್ ಇನ್ನೂರ ಇಪ್ಪತ್ತು, ತಂತಿ, ಸ್ಕ್ರೂ, ಬಲ್ಬು, ಹೋಲ್ಡರ್ ಸೇರಿ ನೂರಾ ನಲವತ್ತು. ಪ್ಲೈವುಡ್ ಬಡಗಿ ಅಂಗಡಿಯ ತುಂಡು, ಬಿಟ್ಟಿ. ಆರು ಬೋರ್ಡಿಗೂ ಐದು ಸಾವಿರ ಮುಟ್ಟಲಿಲ್ಲ. ನಷ್ಟವಾದದ್ದು ಬ್ಯಾಟರಿಯಲ್ಲೇ. ಚಾರ್ಜ್ ಮಾಡದೆ ಬೇಸಿಗೆ ರಜೆಯಿಡೀ ಬೀರುವಿನಲ್ಲಿಟ್ಟ ಎರಡು, ಜೂನ್‌ನಲ್ಲಿ ತೆಗೆದಾಗ ಎದ್ದೇಳಲಿಲ್ಲ. ಈಗ ಏಪ್ರಿಲ್‌ನಲ್ಲಿ ಪೂರ್ತಿ ಚಾರ್ಜ್, ಮೇ ನಡುವೆ ಇನ್ನೊಮ್ಮೆ, ಕ್ಲಿಪ್‌ಗಳನ್ನೆಲ್ಲ ಬಿಚ್ಚಿಟ್ಟು.